ಮೇಡಂ ಹಠ ಹಿಡಿದು ತರಿಸಿದ ಸ್ಕ್ರೀನ್

ಲ್ಯಾಪ್‌ಟಾಪ್ ಕೊಳ್ಳುವವರೆಲ್ಲ ನನ್ನನ್ನು ಒಂದು ಮಾತು ಕೇಳಿಯೇ ಕೊಳ್ಳುತ್ತಾರೆ. ಕೇಳಿದ ಮೇಲೆ ನಾನು ಹೇಳಿದ್ದನ್ನು ಬಿಟ್ಟು ಬೇರೆಯದನ್ನು ಕೊಳ್ಳುತ್ತಾರೆ, ಅದು ಬೇರೆ ವಿಷಯ. ಪೀಣ್ಯದ ಒಂದು ಪ್ರಿಂಟಿಂಗ್ ಕಂಪನಿಯಲ್ಲಿ ಕಂಪ್ಯೂಟರುಗಳ ಯೋಗಕ್ಷೇಮ ನೋಡಿಕೊಳ್ಳುವುದು ನನ್ನ ಕೆಲಸ. ಹಾಗಾಗಿ ರಾಜಗೋಪಾಲನಗರದ ನಮ್ಮ ಬೀದಿಗೆ ನಾನೇ ಕಂಪ್ಯೂಟರ್ ಡಾಕ್ಟರು. ಮೊನ್ನೆ ಮೇಲಿನ ಮನೆಯವರು ಮೆಟ್ಟಿಲಲ್ಲೇ ತಡೆದು ನಿಲ್ಲಿಸಿದರು. "ಗುರು, ಈ ಜಾಸ್ತಿ ರೆಸಲ್ಯೂಶನ್ ಸ್ಕ್ರೀನ್ ಇರೋದಕ್ಕೆ ಅಂಗಡಿಯವನು ಡಬಲ್ ರೇಟ್ ಹೇಳ್ತಾನೆ. ಅಷ್ಟು ಕೊಡಬಹುದಾ?" ಎಂದರು. "ಮೊದಲು ಕಣ್ಣು ಟೆಸ್ಟ್ ಮಾಡಿಸ್ಕೊಂಡು ಬನ್ನಿ," ಅಂದೆ. ಅವರು ತಮಾಷೆ ಎಂದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಅದರ ಹಿಂದಿನ ವಾರವಷ್ಟೇ ಬಾಗಲಗುಂಟೆಯಲ್ಲಿ ನಮ್ಮ ಮೇಡಂ ತೀರಿಕೊಂಡಿದ್ದರು.

ಮೇಡಂ ಎಂದರೆ ನಮ್ಮ ಕಂಪನಿಯ ಆರ್ಟ್‌ವರ್ಕ್ ವಿಭಾಗದ ಮುಖ್ಯಸ್ಥೆ. ನಾವು ಅಚ್ಚು ಹಾಕುವುದು ಔಷಧದ ಡಬ್ಬಿಗಳನ್ನು, ಮಾತ್ರೆ ಬರುವ ಆ ರಟ್ಟಿನ ಡಬ್ಬಿಗಳನ್ನು. ಕಂಪ್ಯೂಟರಿನಲ್ಲಿ ಹುಡುಗಿಯರು ಡಬ್ಬಿ ಸಿದ್ಧ ಮಾಡುತ್ತಾರೆ, ಅದರ ಪ್ರೂಫ್ ಹಾಳೆಯನ್ನು ಮೇಡಂ ಅಕ್ಷರ ಅಕ್ಷರ ನೋಡಿ ಸಹಿ ಹಾಕುತ್ತಿದ್ದರು. ಆ ಹಾಳೆ ಕೆಳಗೆ ಹೋಗಿ ಮಷಿನ್ನಿನ ಪಕ್ಕದ ಕ್ಲಿಪ್ಪಿನಲ್ಲಿ ತೂಗುತ್ತದೆ. ಅದು ಅಲ್ಲಿ ತೂಗುವವರೆಗೆ ಮಷಿನ್ ತಿರುಗುವುದಿಲ್ಲ, ತಿರುಗಲು ಶುರುವಾದ ಮೇಲೆ ಆ ಕೆಲಸವನ್ನು ಪೂರ್ತಿ ನಿಲ್ಲಿಸಬೇಕಾದರೆ ಸಹಿ ಹಾಕಿದವರೇ ಬಂದು ತಮ್ಮ ಸಹಿಯ ಪಕ್ಕ ‘ರದ್ದು’ ಎಂದು ಬರೆಯಬೇಕು. ನಮ್ಮಲ್ಲಿ ಇದು ಮೊದಲಿನಿಂದ ಬಂದ ಪದ್ಧತಿ. ಮೇಡಂ ತಮ್ಮ ಸಹಿಯ ಪಕ್ಕ ಹಾಗೆ ಬರೆದದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

ನಾನು ಅವರ ಬಾಯಲ್ಲಿ ಕೇಳಿದ ಮೊದಲ ಮಾತು "ಬೆರಳು ತೆಗಿ." ಕೆಲಸಕ್ಕೆ ಸೇರಿದ ಹೊಸತು, ಅವರ ಕಂಪ್ಯೂಟರಿನಲ್ಲಿ ಏನೋ ತೋರಿಸಲು ಹೋಗಿ ಸ್ಕ್ರೀನಿನ ಮೇಲೆ ಬೆರಳಿಟ್ಟಿದ್ದೆ. "ಬೆರಳು ತೆಗಿಯಪ್ಪ. ಎಲ್ಲಿದೆ ಅಂತ ಬಾಯಲ್ಲಿ ಹೇಳು. ಕಣ್ಣು ನನಗೂ ಇದೆ." ಪ್ರೂಫ್ ಹಾಳೆಯ ವಿಷಯದಲ್ಲೂ ಅಷ್ಟೇ. ಎಣ್ಣೆ ಕೈ, ಬೆವರು ಕೈ, ಯಾರ ಕೈಯೂ ಹಾಳೆಗೆ ತಾಗಬಾರದು. ಓನರ್ ಒಮ್ಮೆ ಬೆರಳಿಟ್ಟು ಇದೇ ಮಾತು ಕೇಳಿಸಿಕೊಂಡ ಮೇಲೆ ಅವರ ಟೇಬಲ್ ಹತ್ತಿರ ಬಂದರೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತಿದ್ದರು.

ಕುಳ್ಳಗಿದ್ದರು. ಕುತ್ತಿಗೆಯಲ್ಲಿ ದಾರ ಕಟ್ಟಿದ ಸಣ್ಣ ಭೂತಗನ್ನಡಿ ಯಾವಾಗಲೂ ನೇತಾಡುತ್ತಿತ್ತು. ಪ್ರೂಫ್ ಹಾಳೆಯನ್ನು ಓದಿ ಮುಗಿಸಿದ ಮೇಲೆ ಕತ್ತರಿಸಿ, ಮಡಿಸಿ, ಗೋಂದು ಹಚ್ಚಿ ಡಬ್ಬಿ ಕಟ್ಟಿ ಅಂಗೈ ಮೇಲೆ ಕೂರಿಸಿ ನೋಡುತ್ತಿದ್ದರು. "ಜನ ಓದೋದು ಹಾಳೇನಲ್ಲ, ಡಬ್ಬೀನ," ಎನ್ನುತ್ತಿದ್ದರು. ಆಮೇಲೆ ಇನ್ನೊಂದು ಹಾಳೆಗೆ ಸಹಿ.

ಅವರ ಮೂಲ ಪೀಣ್ಯವೇ. ನಮ್ಮ ಕಂಪನಿಯ ಗೋಡೌನ್ ಇರುವ ಜಾಗ ಒಂದು ಕಾಲಕ್ಕೆ ಅವರ ಅಜ್ಜಿಯ ಹೊಲವಂತೆ. "ನೀನು ಗಾಡಿ ನಿಲ್ಸ್ತೀಯಲ್ಲ, ಅಲ್ಲೇ ಕಣೋ ನಮ್ಮಜ್ಜಿ ಅವರೆಕಾಯಿ ಕೀಳ್ತಿದ್ದದ್ದು," ಎಂದು ಹೇಳುವಾಗ ದುಃಖವೇನೂ ಇರುತ್ತಿರಲಿಲ್ಲ, ನನ್ನ ಗಾಡಿಯ ಆಯಿಲ್ ಅಲ್ಲಿ ಸೋರುತ್ತಿದೆ ಎಂಬ ಸಿಟ್ಟು ಮಾತ್ರ. ಆಫೀಸಿನಲ್ಲಿ ಶುದ್ಧವಾಗಿ ಮಾತಾಡುತ್ತಿದ್ದವರಿಗೆ ಕೋಪ ಬಂದರೆ ಊರ ಮಾತು ಬರುತ್ತಿತ್ತು. "ಇಂಗೆ ಮಾಡ್ತಾರೇನ್ರೇ ಕೆಲ್ಸಾನ?" ಎಂದರೆ ಹುಡುಗಿಯರು ಕುರ್ಚಿಯಲ್ಲಿ ನೆಟ್ಟಗಾಗುತ್ತಿದ್ದರು. ನನ್ನದು ಗದಗದ ಕಡೆಯ ಮಾತು. ನಾನು ಕಂಡರೆ ಸಾಕು, "ಏನ್ ಮಾಡಾಕತ್ತೀರಿ ಸಾಹೇಬ್ರ?" ಎಂದು ಅಣಕಿಸಿ, ಅವರೆಕಾಳಿನ ಕಾಲದಲ್ಲಿ ನನಗೆಂದೇ ಒಂದು ಡಬ್ಬಿ ಸಾರು ತರುತ್ತಿದ್ದರು. ಮೆಸ್ಸಿನ ಊಟದ ಬಗ್ಗೆ ಅವರಿಗಿದ್ದ ಅಭಿಪ್ರಾಯ ಇಲ್ಲಿ ಬರೆಯುವಂಥದ್ದಲ್ಲ.

ಮದುವೆಯಾಗಿರಲಿಲ್ಲ. ಗಂಡ ತೀರಿಹೋದ ತಂಗಿ, ತಂಗಿಯ ಮಗಳು, ಮೇಡಂ, ಮೂವರ ಮನೆ. ಮೂವರಿಗೂ ಮೇಡಂ ಸಂಬಳವೇ ಆಧಾರ. ಹುಡುಗಿ ಡಿಗ್ರಿಯ ಕೊನೆ ವರ್ಷದಲ್ಲಿದ್ದಳು. "ಅವಳದ್ದೊಂದು ಮುಗೀಲಿ, ಆಮೇಲೆ ನಾನು ಕಾಲು ಚಾಚಿ ಕೂತು ಟಿವಿ ನೋಡ್ತೀನಿ," ಎನ್ನುತ್ತಿದ್ದರು.

ಹೀಗಿರುವಾಗ ಅವರಿಗೆ ಆ ಲ್ಯಾಪ್‌ಟಾಪಿನ ಹಠ ಹತ್ತಿತು. ಇರುವ ಸ್ಕ್ರೀನಿನಲ್ಲಿ ಸಣ್ಣ ಅಕ್ಷರಗಳು ಒಡೆದು ಕಾಣುತ್ತವೆ, ಎಲ್ಲಕ್ಕಿಂತ ಹೆಚ್ಚು ರೆಸಲ್ಯೂಶನ್ ಇರುವುದು ಬೇಕು ಎಂದರು. ಓನರ್ ಬೆಲೆ ನೋಡಿ ಹೌಹಾರಿದರು.

"ಮೇಡಂ, ಅಕ್ಷರ ಅಕ್ಷರಾನೇ ಅಲ್ವಾ? ಅದರಲ್ಲಿ ಕಾಣೋದು ಇದರಲ್ಲೂ ಕಾಣುತ್ತೆ."

"ಕಾಣಲ್ಲ ಸಾರ್. ಇದರಲ್ಲಿ ಅಕ್ಷರ ಓದಕ್ಕೆ ಹೋದ್ರೆ ಡಬ್ಬಿ ಕಾಣಲ್ಲ, ಡಬ್ಬಿ ನೋಡಕ್ಕೆ ಹೋದ್ರೆ ಅಕ್ಷರ ಕಾಣಲ್ಲ. ನನಗೆ ಎರಡೂ ಒಂದೇ ಸಲ ಬೇಕು."

ಓನರ್ ನನ್ನ ಕಡೆ ತಿರುಗಿದರು. ನನ್ನನ್ನು ಕೇಳಿದರೆ ಇದರಲ್ಲಿ ಗುಟ್ಟೇನೂ ಇಲ್ಲ. ಮೇಲ್ ಬರೆಯುವವರಿಗೆ, ಲೆಕ್ಕದ ಶೀಟ್ ತುಂಬುವವರಿಗೆ ಅಂಥ ಸ್ಕ್ರೀನ್ ಸುಮ್ಮನೆ ಶೋಕಿ. ಬ್ಯಾಟರಿ ಬೇಗ ಮುಗಿಯುತ್ತದೆ, ಹಳೆಯ ಸಾಫ್ಟ್‌ವೇರಿನ ಮೆನುಗಳು ಇರುವೆ ಸಾಲಾಗಿಬಿಡುತ್ತವೆ. ಆದರೆ ದಿನವಿಡೀ ಸಣ್ಣ ಅಕ್ಷರವನ್ನೇ ನೋಡುವವರಿಗೆ ಅದು ಕೊಟ್ಟ ಹಣಕ್ಕೆ ತಕ್ಕ ವಸ್ತು. ಹಾಗೆಯೇ ಹೇಳಿದೆ. ಅಂಗಡಿಯವನಿಂದ ಒಂದನ್ನು ನೋಡಲು ತರಿಸಿದೆವು. ಹಳೆಯದು, ಹೊಸದು ಪಕ್ಕಪಕ್ಕ ಇಟ್ಟು ಒಂದೇ ಡಬ್ಬಿಯನ್ನು ಎರಡರಲ್ಲೂ ತೆರೆದೆ. ಹೊಸದರಲ್ಲಿ ಇಡೀ ಡಬ್ಬಿ ಬಿಚ್ಚಿಕೊಂಡು ಕೂತಿತ್ತು, ಅಂಚಿನಲ್ಲಿನ ಎಚ್ಚರಿಕೆಯ ಸಾಲು ಕೂಡ ಕಡೆದಿಟ್ಟ ಹಾಗಿತ್ತು. ಮೇಡಂ ದೂರದಲ್ಲಿ ನಿಂತೇ ಆ ಸಾಲನ್ನು ಗಡಗಡ ಓದಿ ತೋರಿಸಿದರು. ಓನರ್ ದುಡ್ಡು ಬಿಚ್ಚಿದರು.

ಲ್ಯಾಪ್‌ಟಾಪ್ ಬಂದ ದಿನ ಹುಡುಗಿಯರೆಲ್ಲ ಮುತ್ತಿಕೊಂಡರು. ಸಕ್ಕತ್ತಾಗಿದೆ, ಎಷ್ಟು ಕ್ಲಿಯರ್ ಇದೆ ಎಂದು ಗದ್ದಲ. ಮೇಡಂ ಎಲ್ಲರನ್ನೂ ಊಟಕ್ಕೆ ಅಟ್ಟಿ ನನ್ನನ್ನು ಉಳಿಸಿಕೊಂಡರು.

"ಸ್ವಲ್ಪ ದೊಡ್ಡದು ಮಾಡು."

ಮಾಡಿದೆ.

"ಇನ್ನೂ."

ಮಾಡಿದೆ. ಮತ್ತೆ ಮಾಡಿದೆ. ಕೊನೆಗೆ ಸ್ಕ್ರೀನಿನಲ್ಲಿ ನಾಲ್ಕೈದು ಪದ ಮಾತ್ರ ಉಳಿದವು. ಹಳೆಯ ಸ್ಕ್ರೀನಿನಲ್ಲೇ ಇದಕ್ಕಿಂತ ಹೆಚ್ಚು ಕಾಣುತ್ತಿತ್ತು. ನಾನು ಮೌಸ್ ಬಿಟ್ಟು ಅವರ ಮುಖ ನೋಡಿದೆ. ಅವರು ಸ್ಕ್ರೀನನ್ನೇ ನೋಡುತ್ತಿದ್ದರು, ಆದರೆ ನೇರವಾಗಿ ಅಲ್ಲ, ತಲೆ ವಾರೆ ಮಾಡಿಕೊಂಡು, ಕಣ್ಣಿನ ಅಂಚಿನಿಂದ.

"ಮೇಡಂ, ಅವತ್ತು ದೂರದಿಂದ ಓದಿದ್ರಲ್ಲ?"

"ಆ ಸಾಲು ಬಾಯಿಪಾಠ ಕಣಪ್ಪ. ಎಷ್ಟು ವರ್ಷದಿಂದ ಅದೇ ಸಾಲು."

ಆಮೇಲೆ ಒಂದೊಂದಾಗಿ ಹೇಳಿದರು. ಸಕ್ಕರೆ ಕಾಯಿಲೆ ಹಳೆಯದು. ಮೊದಲು ಬಲಗಣ್ಣಿನಲ್ಲಿ ಮಸುಕು ಶುರುವಾಯಿತಂತೆ, ಆಮೇಲೆ ಎಡಕ್ಕೂ ಬಂತಂತೆ. ಡಾಕ್ಟರ ಹತ್ತಿರ ಹೋಗಿರಲಿಲ್ಲ. ಸ್ಕ್ರೀನೇ ಹಾಳಾಗಿದೆ, ಒಳ್ಳೆಯ ಸ್ಕ್ರೀನ್ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ತಮಗೆ ತಾವೇ ಹೇಳಿಕೊಂಡಿದ್ದರು. ಅದನ್ನು ಅವರು ಪೂರ್ತಿ ನಂಬಿದ್ದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವತ್ತು ಅವರ ಮುಖ ನೋಡಿದಾಗ ನಂಬಿದ್ದರು ಅಂತಲೇ ಅನಿಸಿತ್ತು.

ಸಂಜೆ ಗೇಟಿನ ಹೊರಗಿನ ಟೀ ಅಂಗಡಿ ಹತ್ತಿರ ಅವರನ್ನು ನಿಲ್ಲಿಸಿದೆ.

"ಓನರ್‌ಗೆ ಹೇಳಿಬಿಡ್ರಿ ಮೇಡಂ. ಇದು ಮಾತ್ರೆ ಡಬ್ಬಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಹೇಳಿದ್ರೆ ನಾಳೆಯಿಂದ ನಾನು ಯಾಕೆ ಬರ್ಬೇಕು? ಕಣ್ಣು ಕಾಣದವಳನ್ನ ಕಣ್ಣಿನ ಕೆಲಸಕ್ಕೆ ಇಟ್ಕೊಳ್ತಾರಾ?"

"ನೀವು ಹೇಳ್ದಿದ್ರೆ ನಾನು ಹೇಳಬೇಕಾಗ್ತದ."

"ಹೇಳೋ! ಓಗೇಳು!" ಎಂದು ಕೂಗಿಬಿಟ್ಟರು. ಟೀ ಕುಡಿಯುತ್ತಿದ್ದವರು ತಿರುಗಿ ನೋಡಿದರು. ಮೇಡಂ ಸೆರಗು ಸರಿ ಮಾಡಿಕೊಂಡು ದನಿ ತಗ್ಗಿಸಿದರು. "ನಮ್ಮುಡುಗಿ ಪರೀಕ್ಷೆ ಮುಗೀಲಿ. ಅಷ್ಟೇ ಕೇಳ್ತಿರೋದು. ಅವಳಿಗೊಂದು ಕೆಲಸ ಅಂತ ಆದ್ರೆ ನಾನೇ ಓಗಿ ಹೇಳ್ತೀನಿ."

ನಾನು ಒಪ್ಪಿದೆ, ಒಂದು ಶರತ್ತಿನ ಮೇಲೆ. ಅವರು ಒಬ್ಬರೇ ನೋಡಿ ಸಹಿ ಹಾಕಬಾರದು. ಅದಕ್ಕೆ ದಾರಿ ಅವರೇ ಹುಡುಕಿದರು. ಮರುದಿನದಿಂದ ಪ್ರತಿ ಡಬ್ಬಿಯನ್ನೂ ಒಬ್ಬ ಹುಡುಗಿ ಗಟ್ಟಿಯಾಗಿ ಓದಬೇಕು, ಇನ್ನೊಬ್ಬಳು ಪಾರ್ಟಿಯವರು, ಅಂದರೆ ಔಷಧ ಕಂಪನಿಯವರು, ಕಳಿಸಿದ ಮೂಲ ಪ್ರತಿಯ ಜೊತೆ ತಾಳೆ ನೋಡಬೇಕು. ಮೇಡಂ ಕಣ್ಣು ಮುಚ್ಚಿ ಕೇಳುತ್ತಾರೆ. ಅಲ್ಪವಿರಾಮ, ಚುಕ್ಕೆ, ಎಲ್ಲವನ್ನೂ ಓದಬೇಕು. ಒಂದು ಚುಕ್ಕೆ ಬಿಟ್ಟರೂ ಕಣ್ಣು ತೆರೆಯದೆಯೇ, "ಮತ್ತೆ ಓದು," ಎನ್ನುತ್ತಿದ್ದರು. ಹಳೆಯ ಕಾಲದ ಅಚ್ಚುಕೂಟದಲ್ಲಿ ಹೀಗೇ ಇತ್ತು, ಇದೇ ಸರಿಯಾದ ಕ್ರಮ ಎಂದು ಓನರ್‌ಗೆ ಹೇಳಿದರು. ಓನರ್‌ಗೆ ಅದು ಬಹಳ ಹಿಡಿಸಿತು. ಇಷ್ಟು ದುಬಾರಿ ಸ್ಕ್ರೀನ್ ಮುಂದೆ ಕಣ್ಣು ಮುಚ್ಚಿ ಕೂತವರನ್ನು ನೋಡಿ ಯಾರಿಗೂ ಅನುಮಾನ ಬರಲಿಲ್ಲ. ಮೇಡಂ ಮೇಲೆ ಜನಕ್ಕಿದ್ದ ಭಯ ಅಂಥದ್ದು.

ಆ ದಿನಗಳಲ್ಲಿ ನನಗೆ ಊಟ ರುಚಿಸುತ್ತಿರಲಿಲ್ಲ. ಡಬ್ಬಿ ತುಂಬಿದ ಲಾರಿ ಗೇಟು ದಾಟುವಾಗೆಲ್ಲ ಕೆಲಸ ಬಿಟ್ಟು ಕಿಟಕಿಗೆ ಬಂದು ನೋಡುತ್ತಿದ್ದೆ. ಒಮ್ಮೆ ಪಾರ್ಟಿ ಕಡೆಯಿಂದ ಫೋನ್ ಬಂತು, ಮೇಡಂ ಹತ್ತಿರವೇ ಮಾತಾಡಬೇಕಂತೆ ಎಂದು ಹುಡುಗಿ ರಿಸೀವರ್ ಹಿಡಿದಳು. ಮೇಡಂ ಕೈ ಚಾಚಿದರು, ರಿಸೀವರ್ ಇದ್ದ ಕಡೆಗಲ್ಲ. ನಾನು ಅದನ್ನು ತೆಗೆದು ಅವರ ಕೈಗಿಟ್ಟೆ. ಡಬ್ಬಿ ಯಾವಾಗ ಕಳಿಸುತ್ತೀರಿ ಎಂದು ಕೇಳಲು ಮಾಡಿದ್ದ ಫೋನ್ ಅದು. ಮಾತು ಮುಗಿದ ಮೇಲೂ ಮೇಡಂ ರಿಸೀವರನ್ನು ಕೆಳಗಿಡದೆ ಕೂತಿದ್ದರು. ಅವರಿಗೂ ನನ್ನಷ್ಟೇ ಹೆದರಿಕೆ ಇದೆ ಎಂದು ನನಗೆ ತಿಳಿದದ್ದು ಆಗ.

ದಿನವೂ ನಾನು ಕಣ್ಣಲ್ಲೇ ಕೇಳುತ್ತಿದ್ದೆ. ಕಣ್ಣಲ್ಲಿ ಕೇಳಿದರೆ ಅವರಿಗೆ ಕಾಣುವುದಿಲ್ಲ ಎಂದು ನೆನಪಾಗಿ ಬಾಯಿ ಬಿಟ್ಟು ಕೇಳುತ್ತಿದ್ದೆ. "ಪರೀಕ್ಷೆ ಯಾವಾಗ ಮುಗೀತದ ಮೇಡಂ?" "ಶುರುವಾಗಿದೆ ಕಣಪ್ಪ. ಓದ್ತಾವ್ಳೆ," ಎನ್ನುತ್ತಿದ್ದರು.

ಪರೀಕ್ಷೆ ಇನ್ನೂ ನಡೆಯುತ್ತಿರುವಾಗಲೇ ಪಾರ್ಟಿಯವರು ಫ್ಯಾಕ್ಟರಿ ನೋಡಲು ಬರುತ್ತೇವೆಂದರು. ಹೊಸ ಆರ್ಡರ್. ಒಂದೇ ಮಾತ್ರೆ, ಎರಡು ಡಬ್ಬಿ, ಐದು ಮಿಲಿಗ್ರಾಮಿನದೊಂದು, ಹತ್ತರದೊಂದು. ಅವರು ಬಂದಾಗ ಮಷಿನ್ ಓಡುತ್ತಿರಬೇಕೆಂದು ಓನರ್ ಆಸೆ. ಬೆಳಿಗ್ಗೆಯೇ ಎರಡು ಡಬ್ಬಿಗಳನ್ನೂ ಹುಡುಗಿಯರು ಗಟ್ಟಿಯಾಗಿ ಓದಿದರು, ಮೇಡಂ ಕಣ್ಣು ಮುಚ್ಚಿ ಕೇಳಿ ಎರಡಕ್ಕೂ ಸಹಿ ಹಾಕಿದರು. ಒಂದು ಚುಕ್ಕೆಯೂ ತಪ್ಪಿರಲಿಲ್ಲ. ಕೆಳಗೆ ಮಷಿನ್ ಶುರುವಾಯಿತು, ಹತ್ತರ ಡಬ್ಬಿ ಮೊದಲು.

ಪಾರ್ಟಿ ಕಡೆಯಿಂದ ಬಂದವರು ಇಬ್ಬರು, ಕೊಳ್ಳುವ ವಿಭಾಗದವರು. ಮೀಟಿಂಗ್ ರೂಮಿನಲ್ಲಿ ಓನರ್ ಅವರಿಗೆ ಗೋಡಂಬಿ ಕೊಟ್ಟು, ನಮ್ಮ ದುಬಾರಿ ಲ್ಯಾಪ್‌ಟಾಪ್ ತರಿಸಿದರು. ಅದನ್ನು ನಡೆಸಲು ನಾನು, ವಿವರಿಸಲು ಮೇಡಂ. ನಾನು ಸ್ಕ್ರೀನನ್ನು ಮೊದಲಿನ ಅಳತೆಗೆ ತಂದಿದ್ದೆ. ಐದರ ಡಬ್ಬಿ ತೆರೆದೆ. ಇಡೀ ಡಬ್ಬಿ ಒಂದೇ ನೋಟಕ್ಕೆ ಬಂತು. ಬಂದವರು ಮುಂದೆ ಬಾಗಿದರು.

"ನೋಡಿ ಸಾರ್, ಪ್ರಿಂಟ್‌ಗೆ ಮೊದಲೇ ಪ್ರಿಂಟ್ ನೋಡಿದ ಹಾಗೆ," ಎಂದರು ಓನರ್. "ಈಗ ಹತ್ತರದ್ದು ತೋರ್ಸಪ್ಪ. ಆಹಾ, ಇದರಲ್ಲೂ ನೋಡಿ, ಆ ಹಸಿರು ಪಟ್ಟಿ ಎಷ್ಟು ನೀಟಾಗಿ ಬಂದಿದೆ."

ಮೇಡಂ ಕೈ ಭೂತಗನ್ನಡಿಯ ದಾರದ ಮೇಲೆ ನಿಂತಿತು. ನನ್ನ ಕಡೆ ವಾಲಿ ಮೆಲ್ಲಗೆ ಕೇಳಿದರು.

"ಹತ್ತರದ್ದು ತಾನೆ ತೆಗೆದಿರೋದು?"

"ಹತ್ತರದ್ದೇ ಮೇಡಂ."

"ಪಟ್ಟಿ ಹಸಿರಾ?"

"ಹಸಿರು."

"ನೀಲಿ ಇರ್ಬೇಕು."

ಆರ್ಡರ್ ಕೊಡುವಾಗಲೇ ಪಾರ್ಟಿಯವರು ಹೇಳಿದ್ದರು, ಐದಕ್ಕೆ ಹಸಿರು, ಹತ್ತಕ್ಕೆ ನೀಲಿ. ಅಕ್ಷರ ಓದಲು ಬಾರದವರು, ವಯಸ್ಸಾದವರು ಮಾತ್ರೆಯನ್ನು ಗುರುತು ಹಿಡಿಯುವುದೇ ಆ ಪಟ್ಟಿಯಿಂದ. ಐದರ ಫೈಲನ್ನೇ ಕಾಪಿ ಮಾಡಿ ಅಕ್ಷರಗಳನ್ನೆಲ್ಲ ಬದಲಾಯಿಸಿದ್ದ ಹುಡುಗಿ ಪಟ್ಟಿಯನ್ನು ಬದಲಾಯಿಸಲು ಮರೆತಿದ್ದಳು. ತಾಳೆ ನೋಡುವವಳ ಗಮನವೆಲ್ಲ ಅಕ್ಷರದ ಮೇಲಿತ್ತು, ಬಣ್ಣವನ್ನು ಹೇಗೂ ಮೇಡಂ ನೋಡುತ್ತಾರಲ್ಲ. ಚುಕ್ಕೆಯನ್ನೂ ಬಿಡದೆ ಓದುತ್ತಿದ್ದ ನಾವು ಬಣ್ಣವನ್ನು ಓದಿರಲಿಲ್ಲ. ಬಣ್ಣವನ್ನು ಗಟ್ಟಿಯಾಗಿ ಓದಬೇಕೆಂದು ನಮಗಿಬ್ಬರಿಗೂ ಹೊಳೆದೇ ಇರಲಿಲ್ಲ.

ಕೆಳಗೆ ಮಷಿನ್ ಓಡುತ್ತಿರುವ ಸದ್ದು ನೆಲದಿಂದ ಕಾಲಿಗೆ ಬರುತ್ತಿತ್ತು. ಬಂದವರಿಗೆ ಏನೂ ಗೊತ್ತಾಗಿರಲಿಲ್ಲ, ಅವರಿನ್ನೂ ಸ್ಕ್ರೀನನ್ನು ಹೊಗಳುತ್ತಿದ್ದರು. ನಾನು ಮೇಡಂ ಕಿವಿಯಲ್ಲಿ ಹೇಳಿದೆ. "ನಾನು ಕೆಳಗೆ ಹೋಗಿ ನಿಲ್ಲಿಸ್ತೀನಿ. ಇಂಕ್ ಸರಿ ಇಲ್ಲ ಅಂತ ಏನರ ಹೇಳ್ತೀನಿ. ಆಮೇಲೆ ನೀವು ಬಂದು ರದ್ದು ಬರೀರಿ. ಯಾರಿಗೂ ಗೊತ್ತಾಗಂಗಿಲ್ಲ." ಅದು ಆಗುತ್ತಿತ್ತು ಕೂಡ. ಅವರು ಹೂಂ ಎಂದು ತಲೆ ಅಲ್ಲಾಡಿಸಿದರೆ ಸಾಕಿತ್ತು, ನಾನು ಬಾಗಿಲಿನ ಹತ್ತಿರವೇ ಇದ್ದೆ. ಮೇಡಂ ಭೂತಗನ್ನಡಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಅವರ ತಂಗಿಯ ಮಗಳು ಬಾಗಲಗುಂಟೆಯಲ್ಲಿ ಮಾರನೆಯ ದಿನದ ಪರೀಕ್ಷೆಗೆ ಓದುತ್ತಿದ್ದಳು.

ಅಷ್ಟರಲ್ಲಿ ಓನರ್ ನಗುತ್ತಾ ಮೇಡಂ ಕಡೆ ತಿರುಗಿದರು. "ಈ ಲ್ಯಾಪ್‌ಟಾಪ್‌ಗೆ ನಮ್ಮ ಮೇಡಂ ನನ್ನ ಜೊತೆ ಎಷ್ಟು ಜಗಳ ಆಡಿದ್ರು ಗೊತ್ತಾ ಸಾರ್? ಹೇಳಿ ಮೇಡಂ, ಕೊಟ್ಟ ದುಡ್ಡಿಗೆ ಮೋಸ ಇದೆಯಾ?"

ಮೇಡಂ ಎದ್ದು ನಿಂತರು.

"ಸ್ಕ್ರೀನಿಂದೇನೂ ಮೋಸ ಇಲ್ಲ ಸಾರ್. ಅದು ಎಲ್ಲ ತೋರಿಸ್ತಿದೆ. ನನಗೆ ಕಾಣಿಸ್ತಿಲ್ಲ."

ಓನರ್ ನಗು ಅರ್ಧಕ್ಕೆ ನಿಂತಿತು. "ಏನ್ ಮೇಡಂ?"

"ಹತ್ತರ ಡಬ್ಬಿ ಪಟ್ಟಿ ತಪ್ಪಾಗಿದೆ. ಹಸಿರಲ್ಲ, ನೀಲಿ ಬರ್ಬೇಕು. ನಾನು ಸೈನ್ ಹಾಕ್ಬಿಟ್ಟಿದ್ದೀನಿ. ಬಣ್ಣ ನನಗೆ ತಿಳೀತಿಲ್ಲ, ಅಕ್ಷರಾನೂ ಕಾಣಲ್ಲ. ಈ ಲ್ಯಾಪ್‌ಟಾಪ್ ಬರೋಕೆ ಮೊದ್ಲಿಂದ ಅಂಗೇ ಐತೆ. ಈಗ ಮಷಿನ್ ನಿಲ್ಸ್ಬೇಕು. ಆಮೇಲೆ ನನ್ನ ಸೈನ್ ಬಿದ್ದಿರೋ ಅಷ್ಟನ್ನೂ ಕಣ್ಣಿರೋರು ಯಾರಾದ್ರೂ ಇನ್ನೊಂದು ಸಲ ನೋಡ್ಬೇಕು. ಅದಕ್ಕೇ ಎಲ್ಲರ ಮುಂದೆ ಹೇಳ್ತಿರೋದು."

ನನ್ನ ಹೆಸರನ್ನು ಅವರು ಎತ್ತಲಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ.

ಮುಂದಿನದು ಬೇಗ ಹೇಳಿಬಿಡುತ್ತೇನೆ. ಸಹಿ ಬಿದ್ದ ಹಳೆಯ ಡಬ್ಬಿಗಳನ್ನೆಲ್ಲ ಮತ್ತೆ ನೋಡಿಸಿದರು, ಬೇರೆ ತಪ್ಪು ಸಿಗಲಿಲ್ಲ. ಪಾರ್ಟಿ ಆ ಆರ್ಡರನ್ನು ಬೇರೆಯವರಿಗೆ ಕೊಟ್ಟಿತು. ಓನರ್ ಬಯ್ಯಲಿಲ್ಲ. ರಿಸೆಪ್ಷನ್ನಿನಲ್ಲಿ ಕೂತುಕೊಳ್ಳಿ ಎಂದರು. "ಕಾಣ್ದೇ ಇರೋಳ್ನ ಬಾಗಿಲಲ್ಲಿ ಕೂರ್ಸಿದ್ರೆ ಬಂದೋರು ಯಾರು ಅಂತ ಏನ್ ಹೇಳಲಿ ಸಾರ್?" ಎಂದು ಮೇಡಂ ಕೆಲಸ ಬಿಟ್ಟು ಮನೆಗೆ ಹೋದರು. ತಂಗಿ ಹತ್ತಿರದ ಗಾರ್ಮೆಂಟ್ಸಿಗೆ ಸೇರಿದರು. ಹುಡುಗಿ ಪಾಸಾದಳು, ಕೆಲಸ ಸಿಗಲು ತಡವಾಯಿತು. ಮೇಡಂ ಕಣ್ಣಿಗೆ ಲೇಸರ್ ಮಾಡಿಸಿದರು, ಇದ್ದಷ್ಟು ಉಳಿಯಿತು, ಹೋದದ್ದು ಬರಲಿಲ್ಲ. ನಾನು ಹೋದಾಗೆಲ್ಲ ದನಿಯಿಂದಲೇ ಗುರುತು ಹಿಡಿದು, "ಏನ್ ಮಾಡಾಕತ್ತೀರಿ ಸಾಹೇಬ್ರ?" ಎನ್ನುತ್ತಿದ್ದರು. ಕೊನೆಗೆ ಸಕ್ಕರೆ ಕಾಯಿಲೆ ಕಿಡ್ನಿಯನ್ನೂ ಕೆಡಿಸಿತು, ಅದರಲ್ಲೇ ಹೋದರು.

ಆ ಲ್ಯಾಪ್‌ಟಾಪ್ ಈಗಲೂ ನಮ್ಮ ಆರ್ಟ್‌ವರ್ಕ್ ವಿಭಾಗದಲ್ಲಿದೆ. ಚೆನ್ನಾಗಿಯೇ ನಡೆಯುತ್ತದೆ. ಹುಡುಗಿಯರು ಈಗ ಬಣ್ಣವನ್ನೂ ಗಟ್ಟಿಯಾಗಿ ಓದುತ್ತಾರೆ.

ಆದರೆ ಯಾರಾದರೂ ಸ್ಕ್ರೀನಿನ ಬೆಲೆ ಕೇಳಿದಾಗ ನನಗೆ ನೆನಪಾಗುವುದು ಮೀಟಿಂಗ್ ರೂಮಲ್ಲ. ಆಮೇಲಿನದು. ಮೇಡಂ ಹೊರಗೆ ಬಂದವರು ಮೆಟ್ಟಿಲ ತಲೆಯಲ್ಲಿ ನಿಂತರು. ದಿನವೂ ಗೋಡೆ ಹಿಡಿದು ಇಳಿಯುತ್ತಿದ್ದವರು ಅವತ್ತು ನನ್ನ ತೋಳು ಹಿಡಿದರು. ಓನರ್ ಫೋನ್ ಮಾಡಿದ್ದರಿಂದ ಕೆಳಗೆ ಆಪರೇಟರ್ ಮಷಿನ್ ತಡೆದು ನಿಲ್ಲಿಸಿದ್ದರು, ಆದರೆ ಪದ್ಧತಿ ಪದ್ಧತಿಯೇ. ಕ್ಲಿಪ್ಪಿನಿಂದ ಸಹಿಯ ಹಾಳೆ ಬಿಡಿಸಿ ಮೇಜಿನ ಮೇಲೆ ಹರವಿದರು. ಸುತ್ತ ಎಲ್ಲರೂ ಕೈಕಟ್ಟಿ ನಿಂತಿದ್ದರು.

ಮೇಡಂ ಪೆನ್ ತೆಗೆದರು. ಹಾಳೆಯ ಮೇಲೆ ಬಾಗಿ, ತಲೆ ವಾರೆ ಮಾಡಿ, ಹತ್ತಿರ ಹೋಗಿ, ದೂರ ಬಂದು ನೋಡಿದರು.

"ನನ್ನ ಸೈನ್ ಎಲ್ಲಿದೆ?"

ಅವರೇ ಕಲಿಸಿದ ಹಾಗೆ ಬಾಯಲ್ಲಿ ಹೇಳಿದೆ. "ಬಲಗಡೆ ಕೆಳಗೆ ಮೇಡಂ. ಮೂಲೆಗಿಂತ ಸ್ವಲ್ಪ ಮೇಲೆ."

ಪೆನ್ ಹಾಳೆಯ ಮೇಲೆ ಆಚೆ ಹೋಯಿತು, ಈಚೆ ಬಂತು, ನಿಂತಿತು.

"ಬಾಯಲ್ಲಿ ಬೇಡ ಕಣಪ್ಪ," ಎಂದರು. "ಬೆರಳಿಟ್ಟು ತೋರ್ಸು."

ನಾನು ಬೆರಳಿಟ್ಟೆ. ಅವರು ಎಡಗೈಯಿಂದ ನನ್ನ ಬೆರಳನ್ನು ಮುಟ್ಟಿ ನೋಡಿಕೊಂಡು, ಅದರ ಪಕ್ಕದಲ್ಲೇ ‘ರದ್ದು’ ಎಂದು ಬರೆದರು.